ಗಡಿಯಾರ ಎಲ್ಲಿಂದ ಶುರುವಾಗಬೇಕು?

ಮೈಗ್ರೇನ್ ಔಷಧಿಗಳ ಪರೀಕ್ಷೆಯಲ್ಲಿ ‘ಬೇಗ’ ಎಂದರೆ ಎರಡು ಗಂಟೆ. ಮಾತ್ರೆ ನುಂಗಿದ ಎರಡು ಗಂಟೆಗೆ ನೋವು ಇದೆಯೋ ಹೋಗಿದೆಯೋ ಎಂದು ಕೇಳುತ್ತಾರೆ. ಔಷಧಿ ಪಾಸೋ ಫೇಲೋ ಎಂಬುದು ಬಹುಮಟ್ಟಿಗೆ ಆ ಉತ್ತರದ ಮೇಲೆ ನಿಲ್ಲುತ್ತದೆ. ಮೈಗ್ರೇನ್ ಬಾರದವರಿಗೆ ಇದರಲ್ಲಿ ತಪ್ಪೇನೂ ಕಾಣಲಿಕ್ಕಿಲ್ಲ. ಸುಮ್ಮನೆ ಬಿಟ್ಟರೆ 4ರಿಂದ 72 ಗಂಟೆ ಕಾಡುವ ನೋವಿಗೆ ಎರಡು ಗಂಟೆ ಯಾವ ಲೆಕ್ಕ? ಆದರೆ ಅರ್ಧ ತಲೆ ಸಿಡಿಯುತ್ತಿರುವಾಗ, ಪಕ್ಕದಲ್ಲಿ ಬಕೆಟ್ ಇಟ್ಟುಕೊಂಡು ಕತ್ತಲೆ ಕೋಣೆಯಲ್ಲಿ ಬಿದ್ದುಕೊಂಡವರಿಗೆ ಎರಡು ಗಂಟೆ ಕಳೆಯುವುದೇ ಇಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕೊರೆಯುವ ಪ್ರಶ್ನೆ ಬೇರೊಂದಿದೆ: ಆ ಎರಡು ಗಂಟೆಯನ್ನು ಯಾವ ಕ್ಷಣದಿಂದ ಎಣಿಸುತ್ತಾರೆ?

ನಾನು ವೈದ್ಯೆಯಲ್ಲ. ಕಾಲೇಜಿನ ದಿನಗಳಿಂದ ಈ ಅರೆತಲೆನೋವನ್ನು ಸಾಕಿಕೊಂಡು ಬಂದವಳು, ಅಷ್ಟೇ. ತಲೆ ನೆಟ್ಟಗಿರುವ ದಿನಗಳಲ್ಲಿ ಔಷಧಿ ಪರೀಕ್ಷೆಗಳ ವರದಿಗಳನ್ನು ಹುಡುಕಿ ಓದುವ ಚಟ ಹತ್ತಿಕೊಂಡಿದೆ. ಓದುವಾಗ ಮೊದಲು ಕಣ್ಣು ಹೋಗುವುದು, ಮಾತ್ರೆಯನ್ನು ಯಾವಾಗ ತೆಗೆದುಕೊಳ್ಳಬೇಕೆಂದು ಹೇಳಿದ್ದರು ಎಂಬ ಸಾಲಿನ ಕಡೆಗೆ. ಫಲಿತಾಂಶದ ಪಟ್ಟಿಗಿಂತ ಆ ಒಂದು ಸಾಲು ನನಗೆ ಹೆಚ್ಚು ವಿಷಯ ತಿಳಿಸುತ್ತದೆ.

ಏಕೆಂದರೆ ಮೈಗ್ರೇನ್ ನೋವಿನಿಂದ ಆರಂಭವಾಗುವುದಿಲ್ಲ. ನನ್ನ ಮಟ್ಟಿಗೆ ಅದು ಆಕಳಿಕೆಯಿಂದ ಆರಂಭವಾಗುತ್ತದೆ. ನಿದ್ದೆಗೂ ಅದಕ್ಕೂ ಸಂಬಂಧವಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ, ಚೆನ್ನಾಗಿ ಮಲಗಿ ಎದ್ದ ದಿನವೂ ಒಂದರ ಹಿಂದೊಂದು ಆಕಳಿಕೆ. ಕುತ್ತಿಗೆಯ ಹಿಂಭಾಗ ಬಿಗಿಯುತ್ತದೆ. ಕಂಪ್ಯೂಟರ್ ಪರದೆಯ ಬಿಳುಪು ಇದ್ದಕ್ಕಿದ್ದಂತೆ ಹೆಚ್ಚಾದಂತೆ ಕಾಣುತ್ತದೆ. ಓದಿದ ಸಾಲನ್ನೇ ಮತ್ತೆ ಓದುತ್ತೇನೆ, ಅರ್ಥ ಮಾತ್ರ ತಲೆಗೆ ಇಳಿಯುವುದಿಲ್ಲ. ಪಕ್ಕದಲ್ಲಿ ಕುಳಿತವರು ಪೆನ್ನಿನ ಗುಂಡಿಯನ್ನು ಒತ್ತಿ ಬಿಡುವ ಸದ್ದಿಗೆ ಸಿಟ್ಟು ಬರುತ್ತದೆ. ಇಷ್ಟೆಲ್ಲ ಆಗುವಾಗ ತಲೆ ನೋಯುತ್ತಿರುವುದಿಲ್ಲ. ಆಗ ಯಾರಾದರೂ ‘ತಲೆನೋವಾ?’ ಎಂದು ಕೇಳಿದರೆ ‘ಇಲ್ಲ’ ಎನ್ನುವುದೇ ಸತ್ಯವಾದ ಉತ್ತರ.

ಔಷಧಿ ಪರೀಕ್ಷೆಗಳಲ್ಲಿ ನೋವಿಗೆ ನಾಲ್ಕು ಮೆಟ್ಟಿಲು: ಸೊನ್ನೆ ಎಂದರೆ ಇಲ್ಲ, ಒಂದು ಎಂದರೆ ಸ್ವಲ್ಪ, ಎರಡು ಎಂದರೆ ಮಧ್ಯಮ, ಮೂರು ಎಂದರೆ ತೀವ್ರ. ದಶಕಗಳಿಂದ ನಡೆದುಬಂದ ಪದ್ಧತಿಯ ಪ್ರಕಾರ, ಪರೀಕ್ಷೆಗೆ ಸೇರಿದವರು ನೋವು ಎರಡನೆಯ ಮೆಟ್ಟಿಲನ್ನಾದರೂ ಮುಟ್ಟುವವರೆಗೆ ಕಾಯಬೇಕು. ಅದಾದ ಮೇಲೆ ಮಾತ್ರೆ, ಅಲ್ಲಿಂದ ಗಡಿಯಾರ. ಅಂದರೆ ನನ್ನ ಆಕಳಿಕೆ, ಬಿಗಿದ ಕುತ್ತಿಗೆ, ಮೊದಲ ಸಣ್ಣ ಮಿಡಿತ, ಯಾವುದೂ ಲೆಕ್ಕಕ್ಕಿಲ್ಲ.

ಇದು ಸಂಶೋಧಕರ ಕ್ರೌರ್ಯವೇನಲ್ಲ. ಸಣ್ಣ ನೋವು ಎಷ್ಟೋ ಸಲ ತಾನಾಗಿಯೇ ಹೋಗುತ್ತದೆ. ಕೆಲವೊಮ್ಮೆ ಅದು ಮೈಗ್ರೇನೇ ಆಗಿರದೆ ಸಾಮಾನ್ಯ ತಲೆನೋವಾಗಿರುತ್ತದೆ. ಅಂಥ ಹೊತ್ತಿನಲ್ಲಿ ಮಾತ್ರೆ ಕೊಟ್ಟರೆ, ತಾನು ಮಾಡದ ಕೆಲಸದ ಹೆಗ್ಗಳಿಕೆಯೂ ಮಾತ್ರೆಗೇ ಹೋಗುತ್ತದೆ. ಹೋಲಿಕೆಗೆಂದು ಕೊಡುವ, ಔಷಧಿಯೇ ಇಲ್ಲದ ಹುಸಿ ಮಾತ್ರೆಗೂ (ಪ್ಲಸೀಬೊ) ಅಷ್ಟೇ. ಎರಡರ ನಡುವಿನ ವ್ಯತ್ಯಾಸ ಮಸುಕಾಗುತ್ತದೆ. ಆದ್ದರಿಂದ ‘ನಿಜವಾದ ಮೈಗ್ರೇನ್ ಎಂದು ಖಚಿತವಾಗುವವರೆಗೆ ಕಾಯಿರಿ’ ಎಂಬ ನಿಯಮ ಪರೀಕ್ಷೆಯ ದೃಷ್ಟಿಯಿಂದ ನ್ಯಾಯವಾದದ್ದೇ. ತೊಂದರೆ ಏನೆಂದರೆ ಮಾತ್ರೆಯನ್ನು ಕೈಯಲ್ಲಿ ಹಿಡಿದುಕೊಂಡು ನೋವು ಬಲಿಯಲಿ ಎಂದು ಕಾಯುವುದು ಈ ಕಾಯಿಲೆಯಲ್ಲಿ ಮಾಡಬಹುದಾದ ಅತ್ಯಂತ ಕೆಟ್ಟ ಕೆಲಸ.

ಒಂದು ಕಾರಣ ಹೊಟ್ಟೆ. ಮೈಗ್ರೇನ್ ಬಂದಾಗ ಜಠರ ತನ್ನ ಕೆಲಸವನ್ನು ನಿಧಾನಿಸುತ್ತದೆ. ನುಂಗಿದ ಮಾತ್ರೆ ಮುಂದಿನ ಕರುಳಿಗೆ ಇಳಿಯದೆ ಅಲ್ಲೇ ಕೂತಿರುತ್ತದೆ. 1970ರ ದಶಕದಲ್ಲೇ ಆಸ್ಪಿರಿನ್ ಕೊಟ್ಟು ರಕ್ತ ಪರೀಕ್ಷಿಸಿ ಇದನ್ನು ತೋರಿಸಿದ್ದರು: ತಲೆನೋವಿನ ಹೊತ್ತಿನಲ್ಲಿ ಆಸ್ಪಿರಿನ್ ರಕ್ತಕ್ಕೆ ಸೇರುವುದು ತಡವಾಗುತ್ತಿತ್ತು. ಮೈಗ್ರೇನ್‌ಗೆ ನೋವಿನ ಮಾತ್ರೆಯ ಜೊತೆಗೆ ಮೆಟೋಕ್ಲೋಪ್ರಮೈಡ್‌ನಂತಹ ಔಷಧಿಯನ್ನೂ ವೈದ್ಯರು ಕೊಡುವುದು ವಾಂತಿ ತಡೆಯುವುದಕ್ಕೆ ಮಾತ್ರವಲ್ಲ, ನಿಂತ ಹೊಟ್ಟೆಯನ್ನು ತಳ್ಳುವುದಕ್ಕೂ ಹೌದು.

ಇನ್ನೊಂದು ಕಾರಣ ನರಗಳು. ನೋವು ಹಳೆಯದಾದಂತೆ ನನ್ನ ನೆತ್ತಿಯ ಚರ್ಮವೇ ಹುಣ್ಣಾದಂತಾಗುತ್ತದೆ. ಜಡೆಗೆ ಹಾಕಿದ ರಬ್ಬರ್ ಬ್ಯಾಂಡನ್ನು ಕಿತ್ತೆಸೆಯಬೇಕೆನಿಸುತ್ತದೆ. ಕನ್ನಡಕದ ಕಡ್ಡಿ ಕಿವಿಯ ಮೇಲೆ ಕೂತರೆ ಉರಿ. ದಿಂಬಿಗೆ ಆ ಕಡೆಯ ಕೆನ್ನೆ ತಗುಲಿಸುವಂತಿಲ್ಲ. ಇದಕ್ಕೆ ವೈದ್ಯರು ಅಲೋಡೀನಿಯಾ ಎನ್ನುತ್ತಾರೆ. ನೋವಾಗಬಾರದ ಸ್ಪರ್ಶಕ್ಕೂ ನೋವಾಗುವ ಸ್ಥಿತಿ. ಮುಖ ಮತ್ತು ತಲೆಯ ಸಂವೇದನೆಯನ್ನು ಹೊತ್ತೊಯ್ಯುವ ಟ್ರೈಜೆಮಿನಲ್ ನರದಿಂದ ಶುರುವಾದ ಗದ್ದಲ ಮಿದುಳಿನ ಒಳಗಿನ ನರಕೋಶಗಳಿಗೂ ಹಬ್ಬಿ, ಅವು ತಾವಾಗಿಯೇ ಕೂಗಾಡಲು ಆರಂಭಿಸಿವೆ ಎಂಬುದರ ಗುರುತು ಅದು. ನೋವಿನ ಸಂಶೋಧಕ ರಾಮಿ ಬರ್ಸ್ಟೈನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನ ನನ್ನಂಥವರ ಕಣ್ಣು ತೆರೆಸಿತು. ಚರ್ಮ ಹೀಗೆ ಹುಣ್ಣಾಗುವ ಮೊದಲೇ ಟ್ರಿಪ್ಟಾನ್ (ಮೈಗ್ರೇನ್‌ಗೆಂದೇ ಇರುವ ಔಷಧಿಗಳ ಒಂದು ಗುಂಪು) ಕೊಟ್ಟಾಗ ಶೇಕಡಾ 93ರಷ್ಟು ಸಲ ನೋವು ಪೂರ್ತಿ ಹೋಯಿತು. ಹುಣ್ಣಾದ ಮೇಲೆ ಕೊಟ್ಟಾಗ ಶೇಕಡಾ 15ರಷ್ಟು ಸಲ ಮಾತ್ರ. ಔಷಧಿ ಅದೇ, ಕೊಟ್ಟ ಹೊತ್ತು ಬೇರೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಇದಕ್ಕಿಂತ ಚೆನ್ನಾಗಿ ಬೇರೆಲ್ಲೂ ಒಪ್ಪಲಿಕ್ಕಿಲ್ಲ.

ಹಾಗಾದರೆ ಬಾಗಿಲು ಬೇಗ ಹಾಕುವುದು ಹೇಗೆ? ಈ ಪ್ರಶ್ನೆಗೆ ಔಷಧಿ ಕಂಪನಿಗಳು ಕಂಡುಕೊಂಡ ಒಂದು ದಾರಿ ಹೊಟ್ಟೆಯನ್ನೇ ಬಿಟ್ಟು ಹೋಗುವುದು.

ಟ್ರಿಪ್ಟಾನ್‌ಗಳಲ್ಲಿ ಮೊದಲನೆಯದಾದ ಸುಮಟ್ರಿಪ್ಟಾನ್ ಕಥೆ ಇಲ್ಲಿ ಸ್ವಾರಸ್ಯಕರ. ಅದಕ್ಕೂ ಮೊದಲು ಇದ್ದದ್ದು ಎರ್ಗಾಟಮಿನ್. ಧಾನ್ಯಕ್ಕೆ ಅಂಟುವ ಒಂದು ಶಿಲೀಂಧ್ರದಿಂದ ಆರ್ಥರ್ ಸ್ಟೋಲ್ 1918ರಲ್ಲಿ ಬೇರ್ಪಡಿಸಿದ ವಸ್ತು ಅದು. 1938ರಲ್ಲಿ ಗ್ರಹಾಂ ಮತ್ತು ವುಲ್ಫ್ ಎಂಬಿಬ್ಬರು ಕಣತಲೆಯ ರಕ್ತನಾಳದ ಮಿಡಿತವನ್ನು ದಾಖಲಿಸುತ್ತಾ ಎರ್ಗಾಟಮಿನ್ ಚುಚ್ಚಿದರು. ಮಿಡಿತ ತಗ್ಗಿದಂತೆ ನೋವೂ ತಗ್ಗಿತು. ಮೈಗ್ರೇನ್ ಎಂದರೆ ರಕ್ತನಾಳ ಹಿಗ್ಗುವ ಕಾಯಿಲೆ ಎಂಬ ನಂಬಿಕೆ ಅಲ್ಲಿಂದ ದಶಕಗಟ್ಟಲೆ ಗಟ್ಟಿಯಾಗಿ ಕೂತಿತು. ಈಗ ಆ ನಂಬಿಕೆ ಸಡಿಲವಾಗಿದೆ. ಮುಖ್ಯ ಪಾತ್ರ ನರಗಳದ್ದು ಎನ್ನುತ್ತಾರೆ. ಆದರೆ ತಪ್ಪೋ ಅರೆಬರೆಯೋ ಆದ ಆ ಸಿದ್ಧಾಂತವೇ ಒಳ್ಳೆಯ ಔಷಧಿಯೊಂದಕ್ಕೆ ದಾರಿ ಮಾಡಿಕೊಟ್ಟಿತು. ಗ್ಲಾಕ್ಸೋ ಕಂಪನಿಯಲ್ಲಿ ಪ್ಯಾಟ್ರಿಕ್ ಹಂಫ್ರಿ ಅವರ ತಂಡ, ದೇಹದ ಉಳಿದ ರಕ್ತನಾಳಗಳನ್ನು ಆದಷ್ಟು ಮುಟ್ಟದೆ ತಲೆಯ ರಕ್ತನಾಳಗಳನ್ನು ಸಂಕುಚಿಸುವ, ಸೆರೊಟೋನಿನ್ ಎಂಬ ದೇಹದ ರಾಸಾಯನಿಕದಂತೆ ವರ್ತಿಸುವ ಅಣುವನ್ನು ಹುಡುಕುತ್ತಾ ವರ್ಷಗಟ್ಟಲೆ ಕೆಲಸ ಮಾಡಿ ಸುಮಟ್ರಿಪ್ಟಾನ್ ಕಂಡುಹಿಡಿಯಿತು.

1991ರಲ್ಲಿ ಪ್ರಕಟವಾದ ಅದರ ಚುಚ್ಚುಮದ್ದಿನ ದೊಡ್ಡ ಪರೀಕ್ಷೆಯ ವರದಿಯನ್ನು ಮೊದಲ ಬಾರಿ ಓದಿದಾಗ ನನಗೆ ಅಸೂಯೆಯಾಯಿತು. 6 ಮಿಲಿಗ್ರಾಂ ಚುಚ್ಚಿದ ಒಂದು ಗಂಟೆಯೊಳಗೆ ಶೇಕಡಾ 72 ಮಂದಿಗೆ ನೋವು ಇಳಿದಿತ್ತು. ಹುಸಿ ಚುಚ್ಚುಮದ್ದು ಪಡೆದವರಲ್ಲಿ ಶೇಕಡಾ 25 ಮಂದಿಗೆ. ಎರಡು ಗಂಟೆಯಲ್ಲ, ಒಂದೇ ಗಂಟೆ. ಚರ್ಮದ ಅಡಿಗೆ ಚುಚ್ಚಿದ ಸುಮಟ್ರಿಪ್ಟಾನ್ ಸುಮಾರು 12 ನಿಮಿಷದಲ್ಲಿ ರಕ್ತದಲ್ಲಿ ತನ್ನ ಗರಿಷ್ಠ ಮಟ್ಟ ಮುಟ್ಟುತ್ತದೆ ಮತ್ತು ಬಹುತೇಕ ಪೂರ್ತಿಯಾಗಿ ದೇಹಕ್ಕೆ ದಕ್ಕುತ್ತದೆ. ಅದೇ ಔಷಧಿಯನ್ನು ಮಾತ್ರೆಯಾಗಿ ನುಂಗಿದರೆ ದಕ್ಕುವುದು ಶೇಕಡಾ 15ರಷ್ಟು ಮಾತ್ರ, ಅದೂ ನಿಧಾನವಾಗಿ. ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದ ಲೆಕ್ಕದಲ್ಲೂ ಈ ಅಂತರ ಕಾಣುತ್ತದೆ: ಎರಡು ಗಂಟೆಗೆ ನೋವು ಪೂರ್ತಿ ಮಾಯವಾದವರು ಚುಚ್ಚುಮದ್ದಿನಲ್ಲಿ ಶೇಕಡಾ 59, 100 ಮಿಲಿಗ್ರಾಂ ಮಾತ್ರೆಯಲ್ಲಿ ಶೇಕಡಾ 32.

ಇಷ್ಟು ಚೆನ್ನಾಗಿದ್ದರೆ ಎಲ್ಲರೂ ಚುಚ್ಚಿಕೊಳ್ಳುವುದಿಲ್ಲವೇಕೆ? ನಾನು ಒಮ್ಮೆ ಚುಚ್ಚಿಸಿಕೊಂಡಿದ್ದೇನೆ. ನೋವು ಹೋಯಿತು, ನಿಜ. ಆದರೆ ಅದಕ್ಕೂ ಮೊದಲು ಎದೆಯ ಮೇಲೆ ಯಾರೋ ಅಂಗೈ ಊರಿ ಕೂತಂತಾಯಿತು, ಕುತ್ತಿಗೆ ಬಿಸಿಯಾಯಿತು, ದವಡೆ ಬಿಗಿಯಿತು. ಟ್ರಿಪ್ಟಾನ್ ತೆಗೆದುಕೊಂಡವರಿಗೆ ಇದು ಪರಿಚಿತ ಅನುಭವ, ಬಹುತೇಕ ನಿರಪಾಯಕಾರಿ. ಹಾಗೆಂದು ಮೊದಲೇ ಹೇಳಿದ್ದರೂ ಆ ಕೆಲವು ನಿಮಿಷ ತಲೆನೋವಿಗಿಂತ ಹೃದಯದ ಚಿಂತೆಯೇ ಹೆಚ್ಚಾಗಿತ್ತು. ಹೃದಯದ ರಕ್ತನಾಳದ ಕಾಯಿಲೆ ಇರುವವರಿಗೆ, ಪಾರ್ಶ್ವವಾಯು ಆದವರಿಗೆ, ಹತೋಟಿಗೆ ಬಾರದ ರಕ್ತದೊತ್ತಡ ಇರುವವರಿಗೆ ಈ ಔಷಧಿಗಳು ನಿಷಿದ್ಧ.

ಮೂಗಿನ ಸ್ಪ್ರೇ ಮಧ್ಯದ ದಾರಿ. ಅದರ ಪರೀಕ್ಷೆಯಲ್ಲಿ ಒಂದು ತಮಾಷೆಯ ತೊಡಕಿದೆ. ಸುಮಟ್ರಿಪ್ಟಾನ್ ಸ್ಪ್ರೇ ಮೂಗಿನಿಂದ ಗಂಟಲಿಗೆ ಇಳಿಯುತ್ತದೆ, ಇಳಿದಾಗ ಕಹಿ, ಎಂಥ ಕಹಿ ಎಂದರೆ ನೀರು ಕುಡಿದರೂ ನಾಲಿಗೆಯ ಬುಡದಲ್ಲಿ ಕೂತೇ ಇರುತ್ತದೆ. ಯಾರಿಗೆ ಅಸಲಿ ಸಿಕ್ಕಿತು, ಯಾರಿಗೆ ಹುಸಿ ಎಂಬುದು ರೋಗಿಗೂ ವೈದ್ಯರಿಗೂ ಗೊತ್ತಿರಬಾರದು ಎಂಬುದು ಪರೀಕ್ಷೆಯ ಜೀವಾಳ. ಗಂಟಲು ಕಹಿಯಾದ ಕೂಡಲೇ ‘ಓಹೋ, ನನಗೆ ಸಿಕ್ಕಿದ್ದು ಅಸಲಿ’ ಎಂದು ರೋಗಿಗೆ ತಿಳಿದುಹೋದರೆ? ಎದೆ ಬಿಗಿತದ ವಿಷಯವೂ ಇದೇ.

ತಿಳಿಯುವುದರಿಂದ ಏನಾಗುತ್ತದೆ ಎಂದು ಕೇಳುವವರು 2014ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ನೋಡಬೇಕು. 66 ಮಂದಿ ಮೈಗ್ರೇನ್ ರೋಗಿಗಳಿಗೆ ಲಕೋಟೆಗಳಲ್ಲಿ ಮಾತ್ರೆ ಕೊಟ್ಟರು. ಕೆಲವು ಲಕೋಟೆಗಳ ಮೇಲೆ ರಿಜಾಟ್ರಿಪ್ಟಾನ್ ಎಂಬ ಇನ್ನೊಂದು ಟ್ರಿಪ್ಟಾನ್‌ನ ವ್ಯಾಪಾರಿ ಹೆಸರು, ಕೆಲವುಗಳ ಮೇಲೆ ‘ಪ್ಲಸೀಬೊ’, ಇನ್ನು ಕೆಲವುಗಳ ಮೇಲೆ ‘ಎರಡರಲ್ಲಿ ಒಂದು’. ಒಳಗೆ ಮಾತ್ರ ಹೊರಗಿನ ಬರಹಕ್ಕೆ ಹೊಂದದಂತೆಯೂ ಇಟ್ಟಿದ್ದರು. ಔಷಧಿಯ ಹೆಸರು ಬರೆದ ಲಕೋಟೆಯ ಹುಸಿ ಮಾತ್ರೆಯೂ, ಪ್ಲಸೀಬೊ ಎಂದು ಬರೆದ ಲಕೋಟೆಯ ಅಸಲಿ ಮಾತ್ರೆಯೂ ನೋವಿನ ತೀವ್ರತೆಯನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿಸಿದವು. ಪ್ಲಸೀಬೊ ಎಂದು ಬರೆದು, ಪ್ಲಸೀಬೊವನ್ನೇ ಕೊಟ್ಟಾಗಲೂ ಏನೂ ಕೊಡದಿದ್ದುದಕ್ಕಿಂತ ವಾಸಿ. ಪ್ರತಿ ಬರಹದ ಅಡಿಯಲ್ಲೂ ಅಸಲಿ ಔಷಧಿ ಹುಸಿಯನ್ನು ಹಿಂದೆ ಹಾಕಿತು ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ‘ಎಲ್ಲಾ ಮನಸ್ಸಿನ ಆಟ’ ಎನ್ನುವ ಬಂಧುಗಳಿಗೆ ನಾನೇ ಅಸ್ತ್ರ ಕೊಟ್ಟಂತಾಗುತ್ತದೆ.

ಆ ಬಂಧುಗಳ ಮಾತು ಬಂತು ಎಂದು ಹೇಳುತ್ತೇನೆ: ನೋವನ್ನು ಯಂತ್ರವಿಟ್ಟು ಅಳೆಯಲಾಗದು ಎಂಬುದೇ ನಮ್ಮ ದೊಡ್ಡ ಬಡತನ. ರಕ್ತದೊತ್ತಡದ ಔಷಧಿಗೆ ಪಟ್ಟಿ ಸುತ್ತಿ ಅಂಕಿ ಓದಬಹುದು. ನಮಗೆ ಇರುವುದು ಡೈರಿ. ಕಣ್ಣು ಅರೆಮುಚ್ಚಿ, ಮೊಬೈಲಿನ ಬೆಳಕನ್ನು ಕನಿಷ್ಠಕ್ಕೆ ಇಳಿಸಿ, ‘ಈಗ ಎರಡೋ ಮೂರೋ?’ ಎಂದು ತನ್ನನ್ನೇ ಕೇಳಿಕೊಂಡು ಗುರುತು ಹಾಕುವುದು. ನಾನು ವೈದ್ಯರಿಗಾಗಿ ಇಡುವ ಡೈರಿಯಲ್ಲಿ ಎರಡಕ್ಕೂ ಮೂರಕ್ಕೂ ವ್ಯತ್ಯಾಸ ಒಂದೇ: ಪೆನ್ನು ಹಿಡಿಯಲು ಆಗುತ್ತಿದ್ದರೆ ಎರಡು. ಮೂರನ್ನು ಮಾರನೆಯ ದಿನ ನೆನಪಿನಿಂದ ತುಂಬುತ್ತೇನೆ. ವಿಜ್ಞಾನ ಇಂಥ ಕೈಬರಹದ ಮೇಲೆ ನಿಂತಿದೆ ಎಂಬುದು ನನಗೆ ಒಮ್ಮೊಮ್ಮೆ ಅಳುಕು ತರಿಸುತ್ತದೆ, ಒಮ್ಮೊಮ್ಮೆ ಹೆಮ್ಮೆ.

ಹಳೆಯ ಪರೀಕ್ಷೆಗಳಲ್ಲಿ ನೋವು ಮೂರರಿಂದ ಒಂದಕ್ಕೆ ಇಳಿದರೂ ಗೆಲುವು ಎಂದು ಬರೆದುಕೊಳ್ಳುತ್ತಿದ್ದರು. ಮೇಲೆ ಹೇಳಿದ 72ರ ಲೆಕ್ಕವೂ ಅಂಥದ್ದೇ. ಈಗ ಮಟ್ಟ ಬಿಗಿಯಾಗಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಅಂತಿಮಗೊಳಿಸಿದ ಮಾರ್ಗಸೂಚಿಯ ಪ್ರಕಾರ ಎರಡು ಗಂಟೆಗೆ ನೋವು ಸೊನ್ನೆಯಾಗಬೇಕು. ಜೊತೆಗೆ ವಾಕರಿಕೆ, ಬೆಳಕಿನ ಕಾಟ, ಸದ್ದಿನ ಕಾಟ, ಈ ಮೂರರಲ್ಲಿ ರೋಗಿಗೆ ಯಾವುದು ಎಲ್ಲಕ್ಕಿಂತ ಹೆಚ್ಚು ಬಾಧಿಸುತ್ತದೋ ಅದೂ ಹೋಗಿರಬೇಕು. ಈ ಎರಡನೆಯ ಷರತ್ತು ಬರೆದವರಿಗೆ ನನ್ನದೊಂದು ನಮಸ್ಕಾರ. ನನ್ನ ಮಟ್ಟಿಗೆ ಅದು ಬೆಳಕು. ನೋವು ಇಳಿದ ಮೇಲೂ ಬಾಗಿಲ ಸಂದಿಯಿಂದ ಬರುವ ಒಂದು ಗೆರೆ ಬೆಳಕು ಸಹಿಸಲಾಗದಿದ್ದರೆ, ಅಂಥ ಗುಣದಿಂದ ಕಚೇರಿಯ ಕೆಲಸ ಸಾಗುವುದಿಲ್ಲ.

ಈಚಿನ ಔಷಧಿಗಳ ಗುಂಪು ಗೆಪಾಂಟ್‌ಗಳದ್ದು. ಸಿಜಿಆರ್‌ಪಿ ಎಂಬ ಸಣ್ಣ ಪ್ರೋಟೀನ್ ತುಣುಕು ಮೈಗ್ರೇನ್ ಸಮಯದಲ್ಲಿ ಟ್ರೈಜೆಮಿನಲ್ ನರದ ತುದಿಗಳಿಂದ ಸುರಿಯುತ್ತದೆ. ಅದು ಕೂರುವ ಜಾಗವನ್ನು ಗೆಪಾಂಟ್ ಮೊದಲೇ ಹಿಡಿದುಕೊಳ್ಳುತ್ತದೆ. ರಕ್ತನಾಳವನ್ನು ಸಂಕುಚಿಸುವುದಿಲ್ಲ, ಎದೆ ಬಿಗಿಯುವುದಿಲ್ಲ. ಈ ಎಳೆಯನ್ನು ಬಿಡಿಸಿದ ಲಾರ್ಸ್ ಎಡ್ವಿನ್ಸನ್, ಪೀಟರ್ ಗೋಡ್ಸ್‌ಬಿ, ಮೈಕೆಲ್ ಮೊಸ್ಕೊವಿಟ್ಜ್, ಯೆಸ್ ಒಲೆಸನ್ ಅವರಿಗೆ 2021ರಲ್ಲಿ ಬ್ರೇನ್ ಪ್ರಶಸ್ತಿ ಬಂತು. ಉಬ್ರೊಜೆಪಾಂಟ್ 2019ರ ಕೊನೆಯಲ್ಲಿ, ರಿಮೆಜೆಪಾಂಟ್ 2020ರಲ್ಲಿ, ಮೂಗಿಗೆ ಸಿಂಪಡಿಸುವ ಜಾವೆಜೆಪಾಂಟ್ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದವು.

ಜಾವೆಜೆಪಾಂಟ್ ಪರೀಕ್ಷೆಯ ಅಂಕಿಗಳನ್ನು ನೋಡಿ. ಎರಡು ಗಂಟೆಗೆ ನೋವು ಸೊನ್ನೆಯಾದವರು ಶೇಕಡಾ 24. ಹುಸಿ ಸ್ಪ್ರೇಯಲ್ಲಿ ಶೇಕಡಾ 15. ಅಂದರೆ ನೂರು ಜನರಲ್ಲಿ ಒಂಬತ್ತು ಮಂದಿಗೆ ಹೆಚ್ಚುವರಿ ಲಾಭ. ಪತ್ರಿಕೆಯಲ್ಲಿ ‘ನಿಮಿಷಗಳಲ್ಲಿ ಮೈಗ್ರೇನ್ ಮಾಯ’ ಎಂಬ ತಲೆಬರಹ ಕಂಡಾಗ ನಾನು ಈ ಒಂಬತ್ತನ್ನು ನೆನೆಯುತ್ತೇನೆ. ಹಾಗೆಂದು ಮೂಗು ಮುರಿಯುವುದೂ ಇಲ್ಲ. ಆ ಒಂಬತ್ತರಲ್ಲಿ ಒಬ್ಬರಾದವರಿಗೆ ಅದು ನೂರಕ್ಕೆ ನೂರು. ಟ್ರಿಪ್ಟಾನ್ ಮುಟ್ಟುವಂತಿಲ್ಲದ ಹೃದ್ರೋಗಿಗೆ ಬೇರೆ ಆಯ್ಕೆಗಳೇ ಕಡಿಮೆ.

ಇಂಥ ಬಹುತೇಕ ಪರೀಕ್ಷೆಗಳಲ್ಲಿ ಒಬ್ಬರಿಂದ ತೆಗೆದುಕೊಳ್ಳುವುದು ಒಂದೇ ತಲೆನೋವಿನ ಲೆಕ್ಕ. ನನ್ನ ತಲೆನೋವುಗಳು ಒಂದರಂತೆ ಇನ್ನೊಂದು ಇರುವುದಿಲ್ಲ. ನಸುಕಿನಲ್ಲಿ ನೋವಿನ ಜೊತೆಗೇ ಎಚ್ಚರವಾದದ್ದು ಒಂದು ಬಗೆ, ಮಧ್ಯಾಹ್ನ ಮೆಲ್ಲಗೆ ಏರಿದ್ದು ಇನ್ನೊಂದು ಬಗೆ. ಮೊದಲನೆಯದರಲ್ಲಿ ಬೇಗ ನುಂಗು ಎಂಬ ಉಪದೇಶವೇ ವ್ಯರ್ಥ, ಕಣ್ಣು ಬಿಡುವಷ್ಟರಲ್ಲಿ ಮೂರನೆಯ ಮೆಟ್ಟಿಲು. ಇನ್ನು, ಎರಡು ಗಂಟೆಗೆ ಹೋದ ನೋವು ಸಂಜೆಗೆ ವಾಪಸು ಬರುವುದುಂಟು. ಸುಮಟ್ರಿಪ್ಟಾನ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಎರಡೇ ಗಂಟೆ ಸಾಕು. ತಲೆನೋವಿಗೆ ಅಂಥ ಅವಸರವಿಲ್ಲ. 24 ಗಂಟೆಯವರೆಗೂ ನೋವು ಮರಳಲಿಲ್ಲವೇ ಎಂಬ ಅಂಕಿಯನ್ನು ವರದಿಗಳು ಕೊಡುತ್ತವೆ, ಕೆಳಗಿನ ಸಾಲುಗಳಲ್ಲಿ. ನಾನು ಅದನ್ನು ಮೇಲಕ್ಕೆ ತಂದು ಓದುತ್ತೇನೆ.

‘ಶುರುವಾದ ಕೂಡಲೇ ತೆಗೆದುಕೊಳ್ಳಿ, ತಡಮಾಡಬೇಡಿ’ ಎಂದರು ನಮ್ಮ ನರರೋಗ ತಜ್ಞರು. ಚೀಟಿ ಬರೆಯುತ್ತಲೇ, ‘ಆದರೆ ತಿಂಗಳಿಗೆ ಹತ್ತು ದಿನ ಮುಟ್ಟದ ಹಾಗೆ ನೋಡಿಕೊಳ್ಳಿ’ ಎಂದೂ ಸೇರಿಸಿದರು.

‘ಶುರುವಾಗಿದ್ದು ಮೈಗ್ರೇನೇ ಎಂದು ಗೊತ್ತಾಗುವುದು ಹೇಗೆ, ಡಾಕ್ಟರ್?’

‘ನಿಮಗೇ ಗೊತ್ತಾಗುತ್ತದೆ. ಇಷ್ಟು ವರ್ಷದಿಂದ ಇದೆಯಲ್ಲ.’

ಹತ್ತು ದಿನದ ಮಾತು ಸುಮ್ಮನೆ ಬಂದದ್ದಲ್ಲ. ಮೂರು ತಿಂಗಳಿಗೂ ಹೆಚ್ಚು ಕಾಲ, ತಿಂಗಳಿಗೆ ಹತ್ತು ಅಥವಾ ಹೆಚ್ಚು ದಿನ ಟ್ರಿಪ್ಟಾನ್ ನುಂಗುತ್ತಾ ಹೋದರೆ ಔಷಧಿಯೇ ತಲೆನೋವನ್ನು ಹೆಚ್ಚಿಸತೊಡಗುತ್ತದೆ. ಸಾದಾ ನೋವಿನ ಮಾತ್ರೆಗಳಿಗೆ ಈ ಮಿತಿ ಹದಿನೈದು ದಿನ. ಹಾಗಾಗಿ ಪ್ರತಿ ಆಕಳಿಕೆಗೂ ಮಾತ್ರೆ ನುಂಗಿದರೆ ಕೋಟಾ ತೀರುತ್ತದೆ, ಕಾದರೆ ಮಾತ್ರೆ ಕೆಲಸ ಮಾಡುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಕಪಾಟಿನ ಮುಂದೆ ನಿಂತು, ಬೆಳ್ಳಿಹಾಳೆಯ ಪಟ್ಟಿಯಲ್ಲಿ ಉಳಿದ ಮಾತ್ರೆಗಳನ್ನು ಬೆರಳಿನಿಂದ ತಡವುತ್ತಾ, ಇವತ್ತಿನದು ಅಸಲಿಯೋ ಹುಸಿಯೋ ಎಂದು ಲೆಕ್ಕ ಹಾಕುವಾಗ ಪರೀಕ್ಷೆ ನಡೆಯುತ್ತಿರುವುದು ನನ್ನದೇ ಎನಿಸುತ್ತದೆ.

ಆದ್ದರಿಂದ 2023ರಲ್ಲಿ ಬಂದ ಉಬ್ರೊಜೆಪಾಂಟ್‌ನ ಒಂದು ಪರೀಕ್ಷೆ ನನಗೆ ಉಳಿದೆಲ್ಲವುಗಳಿಗಿಂತ ಹೆಚ್ಚು ಹಿಡಿಸಿತು. ಅಲ್ಲಿ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದ್ದರು. ನೋವು ಬರುವ ಮುನ್ನಿನ ಹೊತ್ತನ್ನು, ಅಂದರೆ ಬೆಳಕು ಚುಚ್ಚುವುದು, ಆಯಾಸ, ಕುತ್ತಿಗೆ ಬಿಗಿತದಂಥ ಲಕ್ಷಣಗಳನ್ನು, ನಂಬಿಕೆಗೆ ಅರ್ಹವಾಗಿ ಗುರುತಿಸಬಲ್ಲವರನ್ನು ಆರಿಸಿದರು. ಇನ್ನು ಒಂದರಿಂದ ಆರು ಗಂಟೆಯೊಳಗೆ ತಲೆನೋವು ಖಂಡಿತ ಬರುತ್ತದೆ ಎಂದು ತಮಗೆ ಅನಿಸಿದಾಗ ಅವರು ಮಾತ್ರೆ ತೆಗೆದುಕೊಳ್ಳಬೇಕಿತ್ತು. ಮುಂದಿನ 24 ಗಂಟೆಯಲ್ಲಿ ಮಧ್ಯಮ ಅಥವಾ ತೀವ್ರ ತಲೆನೋವು ಬಾರದೇ ಹೋದದ್ದು ಔಷಧಿ ನುಂಗಿದಾಗ ಶೇಕಡಾ 46 ಸಲ, ಹುಸಿ ಮಾತ್ರೆ ನುಂಗಿದಾಗ ಶೇಕಡಾ 29 ಸಲ.

ಈ 29ರ ಬಗ್ಗೆ ಸಂದೇಹಪಡಬಹುದು. ಅವರಲ್ಲಿ ಎಷ್ಟು ಮಂದಿಗೆ ತಲೆನೋವು ಬರುವುದೇ ಇರಲಿಲ್ಲವೋ ಯಾರು ಬಲ್ಲರು? ಬಾರದ ನೋವನ್ನು ತಡೆದೆ ಎನ್ನುವ ಔಷಧಿಯನ್ನು ಅಳೆಯುವುದು ಬಂದ ನೋವನ್ನು ಓಡಿಸುವುದಕ್ಕಿಂತ ಕಷ್ಟ. ಆದರೂ ರೋಗಿಯ ‘ನನಗೆ ಗೊತ್ತಾಗುತ್ತಿದೆ’ ಎಂಬ ಮಾತನ್ನು ಒಂದು ದೊಡ್ಡ ಪರೀಕ್ಷೆ ತನ್ನ ಆರಂಭದ ಗೆರೆಯಾಗಿ ಇಟ್ಟುಕೊಂಡಿತಲ್ಲ, ಅದು ನನ್ನ ಗಮನ ಸೆಳೆಯಿತು. ಗೆಪಾಂಟ್‌ಗಳನ್ನು ಹೆಚ್ಚು ದಿನ ತೆಗೆದುಕೊಂಡರೂ ತಲೆನೋವು ಉಲ್ಬಣಿಸುವಂತೆ ಇದುವರೆಗೆ ಕಂಡಿಲ್ಲ. ರಿಮೆಜೆಪಾಂಟ್ ಅನ್ನು ದಿನ ಬಿಟ್ಟು ದಿನ ತಡೆಗಟ್ಟುವ ಔಷಧಿಯಾಗಿಯೂ ಬಳಸುತ್ತಾರೆ. ಹಾಗಿದ್ದರೆ ಕಪಾಟಿನ ಮುಂದಿನ ಆ ಲೆಕ್ಕಾಚಾರ ಸ್ವಲ್ಪ ಸಡಿಲಾಗಬಹುದು.

ಮುಂದಿನ ಭೇಟಿಯಲ್ಲಿ ವೈದ್ಯರ ಮುಂದೆ ಇಡಲು ಡೈರಿಗೆ ಹೊಸದೊಂದು ಕಲಂ ಸೇರಿಸಿದ್ದೇನೆ. ನೋವಿನ ಅಂಕಿಗೂ ಮೊದಲು, ಎಡಗಡೆಯ ತುದಿಯಲ್ಲಿ: ಆಕಳಿಕೆ ಎಷ್ಟು ಗಂಟೆಗೆ ಶುರುವಾಯಿತು, ಅದಾದ ಮೇಲೆ ತಲೆನೋವು ಬಂತೋ ಇಲ್ಲವೋ. ಬಾರದ ದಿನಗಳನ್ನೂ ತಪ್ಪದೆ ಬರೆಯಬೇಕು. ಇಲ್ಲವಾದರೆ ನನ್ನ ಆಕಳಿಕೆಯನ್ನು ನಂಬಬಹುದೇ ಎಂಬುದು ನನಗೂ ತಿಳಿಯದು, ಅವರಿಗೂ ತಿಳಿಯದು.